ಶಾಸಕರೇ, ಮೊಣಕಾಲು ಒಳಹೋಗುವ ಒಂದು ಟೇಬಲ್ ಕೊಡಿಸಿ

ಮಂಗಳೂರಿನ ಮಾನ್ಯ ಶಾಸಕರಿಗೆ,

ನಮಸ್ಕಾರ. ಗಾಲಿಕುರ್ಚಿಯಲ್ಲಿ ಕೂತು ಟೇಬಲ್ ಟೆನಿಸ್ ಆಡುವವರ ಪರವಾಗಿ ಈ ಪತ್ರ. ಮನವಿ ಕೊಟ್ಟು ಕೊಟ್ಟು ಸಾಕಾಗಿ ಬಹಿರಂಗವಾಗಿ ಬರೆಯುತ್ತಿದ್ದೇವೆ. ನಗರದ ಒಳಾಂಗಣ ಸಭಾಂಗಣವೊಂದರಲ್ಲಿ ಬೇಕಾಗಿರುವುದು ಎರಡೇ: ಬಾಗಿಲಿಗೆ ಇಳಿಜಾರು, ಒಳಗೆ ಮೊಣಕಾಲು ಹಿಡಿಸುವ ಒಂದು ಟೇಬಲ್.

ಈಗಿರುವ ಟೇಬಲ್‌ಗಳ ಕಾಲು ಅಂಚಿಗೆ ತೀರಾ ಹತ್ತಿರ, ಕಾಲುಗಳ ನಡುವೆ ಅಡ್ಡಪಟ್ಟಿ. ಕುರ್ಚಿಯ ಫುಟ್‌ರೆಸ್ಟ್ ಅದಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಗಾಲಿಕುರ್ಚಿ ಆಟದ ಟೇಬಲ್ಲಿಗೆ ಕಾಲುಗಳು ತುದಿಗೆರೆಯಿಂದ ಕನಿಷ್ಠ 40 ಸೆಂ.ಮೀ. ಒಳಗಿರಬೇಕೆಂಬ ನಿಯಮವಿದೆ, ನಿಮ್ಮ ಕ್ರೀಡಾ ಅಧಿಕಾರಿಗಳಿಗೆ ಅದು ಗೊತ್ತೇ ಇದೆ. ತುದಿಯಿಂದ ನೆಟ್‌ಗೆ 1.37 ಮೀಟರ್. ನೆಟ್ ಪಕ್ಕ ಗಿಡ್ಡ ಚೆಂಡು ಬಿದ್ದರೆ ನಿಂತು ಆಡುವವರು ಒಂದು ಹೆಜ್ಜೆ ಮುಂದಿಡುತ್ತಾರೆ, ಕೂತವರು ಸೊಂಟದಿಂದ ಬಾಗಬೇಕು. ಕುರ್ಚಿ ಒಂದಡಿ ಹಿಂದೆ ಉಳಿದರೆ ಆ ಚೆಂಡು ಸಿಗುವುದಿಲ್ಲ. ಸಿಂಗಲ್ಸ್‌ನಲ್ಲಿ ಪಕ್ಕದ ಗೆರೆ ದಾಟಿ ಹೊರಗೆ ಹೋಗುವ ಸರ್ವ್ ಲೆಟ್ ಆಗುತ್ತದೆ, ಅಂದರೆ ಅಂಕವಿಲ್ಲದೆ ಮತ್ತೆ ಸರ್ವ್; ರ್‍ಯಾಲಿಯಲ್ಲಿ ಆ ರಕ್ಷಣೆಯೂ ಇಲ್ಲ. ಎದುರಾಳಿ ಬೇಕೆಂದೇ ಅಲ್ಲಿಗೆ ಹಾಕುತ್ತಾರೆ. ತಪ್ಪು ಟೇಬಲ್ಲಿನಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಟೂರ್ನಿಗೆ ಹೋದರೆ ಅವರ ದೂರದ ಅಂದಾಜೇ ತಪ್ಪುತ್ತದೆ.

ಇನ್ನು ಮೆಟ್ಟಿಲು. ಕಳೆದ ಆಟಿ ತಿಂಗಳ ಮಳೆಯಲ್ಲಿ ಆಟಗಾರ್ತಿಯೊಬ್ಬರನ್ನು ಕುರ್ಚಿ ಸಮೇತ ನಾಲ್ವರು ಎತ್ತಿದರು. ಆಟದ ಕುರ್ಚಿಯ ಚಕ್ರ ಗುಂಡಿ ಒತ್ತಿದರೆ ಕಳಚಿ ಬರುವಂಥದ್ದು, ಎತ್ತುವಾಗ ಚೌಕಟ್ಟನ್ನೇ ಹಿಡಿಯಬೇಕು. ಗೊತ್ತಿಲ್ಲದವರು ಒದ್ದೆ ರಿಮ್ ಹಿಡಿದರು. ಚಕ್ರ ತಿರುಗಿತು, ಕೈ ಜಾರಿತು, ಮೂರನೇ ಮೆಟ್ಟಿಲಲ್ಲಿ ಕುರ್ಚಿ ವಾಲಿ ಅವರ ಮೊಣಕೈ ಗೋಡೆಗೆ ಉಜ್ಜಿ ರಕ್ತ ಬಂತು. ಬ್ಯಾಟ್ ಹಿಡಿಯುವ ಕೈ ಅದು. ಬಾಗಿಲಲ್ಲಿದ್ದ ಸಿಬ್ಬಂದಿ ಮನೆಯಲ್ಲೇ ಆಡಬಹುದಲ್ಲ ಎಂದರು. ಈ ಮಾತನ್ನು ನಾವು ಮರೆಯುವುದಿಲ್ಲ, ಸ್ವಾಮಿ.

ಅನಂತರ ಎರಡು ಮೀಟರ್ ಹಲಗೆಯೊಂದನ್ನು ತಂದು ಹಾಕಿದರು. ಅಷ್ಟು ಕಡಿದಾದರೆ ಮುಂದಿನ ಸಣ್ಣ ಚಕ್ರ ಮೇಲೆದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಮೆಟ್ಟಿಲು ನಾಲ್ಕು, ತಲಾ 15 ಸೆಂ.ಮೀ., ಒಟ್ಟು 60. ಎತ್ತರ ಒಂದಕ್ಕೆ ಉದ್ದ ಹನ್ನೆರಡರ ಲೆಕ್ಕದಲ್ಲಿ ಇಳಿಜಾರು 7.2 ಮೀಟರ್ ಬೇಕು, ಅಂಗಳದಲ್ಲಿ ಜಾಗವಿದೆ. ನಯವಾದ ಟೈಲ್ಸ್ ಬೇಡ, ನಮ್ಮೂರ ಮಳೆಗೆ ಪಾಚಿ ಕಟ್ಟುತ್ತದೆ. ಒರಟು ಕಾಂಕ್ರೀಟ್, ಮೇಲೆ ಶೀಟಿನ ಚಾವಣಿ, ಚಕ್ರ ಜಾರದಂತೆ ಅಂಚಿಗೆ ಗಿಡ್ಡ ಕಟ್ಟೆ.

ಗಾಲಿಕುರ್ಚಿ ಟೇಬಲ್ ಟೆನಿಸ್ ಆಟಗಾರ್ತಿ ಭಾವಿನಾ ಪಟೇಲ್ ಅವರನ್ನು ನೆನಪಿಸಬೇಕಾಗಿದೆ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಹಳ್ಳಿಯವರು, ಒಂದು ವರ್ಷದ ಮಗುವಿದ್ದಾಗಲೇ ಪೋಲಿಯೊ. ಆಟ ಕಲಿತದ್ದು ಅಹಮದಾಬಾದಿನ ಅಂಧಜನರ ಸಂಸ್ಥೆಯಲ್ಲಿ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಪು ಹಂತದ ಮೊದಲ ಪಂದ್ಯವನ್ನೇ ಚೀನಾದ ಝೌ ಯಿಂಗ್‌ಗೆ ಸೋತರು. ಆಮೇಲೆ ರಿಯೊ ಚಾಂಪಿಯನ್ ರಾಂಕೊವಿಚ್ ಅವರನ್ನೂ ಸೆಮಿಫೈನಲ್ಲಿನಲ್ಲಿ ಝಾಂಗ್ ಮಿಯಾವೊ ಅವರನ್ನೂ ಸೋಲಿಸಿ ಫೈನಲ್ ತಲುಪಿದರು. 2021ರ ಆಗಸ್ಟ್ 29, ರಾಷ್ಟ್ರೀಯ ಕ್ರೀಡಾ ದಿನ. ಮತ್ತೆ ಝೌ ಯಿಂಗ್ ಎದುರು ಸೋತು ಬೆಳ್ಳಿ. ಪ್ಯಾರಾ ಟೇಬಲ್ ಟೆನಿಸ್‌ನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಪದಕ ಅದು. ಮರುವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ. ಅವರಿಗೆ ಅಭ್ಯಾಸದ ಜಾಗವಿತ್ತು. ಇಲ್ಲಿನ ಹುಡುಗಿಯರಿಗೆ ಬಾಗಿಲೇ ದಾಟಲಾಗುವುದಿಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಅದರ 30ನೇ ಕಲಮು ಕ್ರೀಡೆಗೇ ಮೀಸಲು. ಅದನ್ನು ನಿಮಗೆ ಓದಿ ಹೇಳುವ ಅಗತ್ಯವಿಲ್ಲ.

ಕೇಳುವುದು ಮತ್ತೆ ಅದನ್ನೇ: ಇಳಿಜಾರು, ಟೇಬಲ್. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಇಳಿಜಾರು ಮುಗಿಯಬೇಕು. ಮಳೆ ಹಿಡಿದರೆ ಕಾಂಕ್ರೀಟ್ ಕೆಲಸ ದೀಪಾವಳಿಗೇ ಹೋಗುತ್ತದೆ. ಟೇಬಲ್ ತರಿಸುವಾಗ ಪಟ್ಟಿಯಲ್ಲಿ ‘40 ಸೆಂ.ಮೀ.’ ಎಂದು ಬರೆಸಿ, ಬಂದ ದಿನ ಟೇಪು ಹಿಡಿದು ಅಳೆಸಿ. ಅಳೆಯಲು ನಾವೂ ಬರುತ್ತೇವೆ.

ಇಂತಿ,
ಮಂಗಳೂರಿನ ಪ್ಯಾರಾ ಟೇಬಲ್ ಟೆನಿಸ್ ಆಟಗಾರರು ಮತ್ತು ತರಬೇತುದಾರರು