ಗೆಳೆಯನಿಗೊಂದು ಪತ್ರ: ಡಬ್ಬಿ ಅಲ್ಲಾಡಿಸಿ ಕೇಳು

ಮೂಡಿಗೆರೆ
ಡಿಸೆಂಬರ್, ಕಣ ತುಂಬಿರೋ ಕಾಲ

ಮಾರಾಯ,

ಬೇರೆ ಬೇರೆ ಕೆಲಸ ಮಾಡೋರ ಬಗ್ಗೆ ಪುಟ್ಟ ಮಕ್ಕಳಿಗೆ ಹೇಗೆ ಹೇಳಿಕೊಡೋದು ಅಂತ ನೀನು ಫೋನಲ್ಲಿ ಕೇಳಿದ್ದಕ್ಕೆ ಇಲ್ಲಿ ಎಲ್ಲರ ಮುಂದೆ ಉತ್ತರ ಬರೀತಿದ್ದೀನಿ, ಬೈಕೋಬೇಡ. ಇದನ್ನೇ ಇನ್ನೂ ನಾಲ್ಕು ಜನ ಕೇಳಿದ್ರು. ಬಾಳೆಹೊನ್ನೂರು ಬಸ್ಸಿನ ಛತ್ರಿ ವಿಷಯ ಮಾತ್ರ ಎತ್ತಲ್ಲ, ಮಾತು ಕೊಟ್ಟಿದ್ದೀನಿ.

ಹಾಸನದಲ್ಲಿ ನಿನ್ನ ಪಾಲಿಗೆ ಬಂದಿರೋದು ನಾಲ್ಕರಿಂದ ಆರು ವರ್ಷದ ಮಕ್ಕಳು, ಗೋಡೆ ಮೇಲೆ ‘ನಮ್ಮ ಸಹಾಯಕರು’ ಚಾರ್ಟು. ಮೊದಲು ಆ ಚಾರ್ಟನ್ನ ಗೋಡೆ ಕಡೆಗೆ ತಿರುಗಿಸಿ ಹಾಕು. ಚಿತ್ರ ತೋರಿಸಿದರೆ ಮಕ್ಕಳು ಬಟ್ಟೆ ನೋಡ್ತಾರೆ, ಕೆಲಸ ನೋಡಲ್ಲ. ಬಿಳಿ ಕೋಟು ಡಾಕ್ಟರ್, ಖಾಕಿ ಪೊಲೀಸ್, ಪಾಠ ಮುಗೀತು. ಕಿವಿಯಿಂದ ಶುರು ಮಾಡು.

ದಿನಕ್ಕೆ ಮೂರೇ ಕೆಲಸದ ಸದ್ದು, ಒಂದೊಂದು 15ರಿಂದ 20 ಸೆಕೆಂಡು. ರೆಕಾರ್ಡ್ ಮಾಡುವಾಗ ಫೋನನ್ನ ಒಂದು ಮೊಳ ದೂರ ಹಿಡಿ, ತೀರಾ ಹತ್ತಿರ ಹೋದರೆ ಸುತ್ತಿಗೆ ಪೆಟ್ಟು ಒಡೆದು ಬರುತ್ತೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲು. ಮಕ್ಕಳ ಕಣ್ಣು ಮುಚ್ಚಿಸಿ ಎರಡು ಸಲ ಕೇಳಿಸು. ಆಮೇಲೆ ಮನಸ್ಸಲ್ಲೇ ಐದರವರೆಗೆ ಎಣಿಸು, ಬಾಯಿ ಬಿಡಬೇಡ. ನಾವು ಮೇಷ್ಟ್ರುಗಳು ಕೆಡಿಸೋದು ಇಲ್ಲೇ. ಜೋರು ಬಾಯಿಯ ಇಬ್ಬರು ಉತ್ತರ ಕೂಗಿಬಿಟ್ಟರೆ ಮಿಕ್ಕವರು ಕೇಳೋದನ್ನೇ ನಿಲ್ಲಿಸ್ತಾರೆ. ಉತ್ತರ ಬಾಯಲ್ಲಿ ಬೇಡ, ಕೈಯಲ್ಲಿ ಮಾಡಿ ತೋರಿಸಲಿ. ಆಗ ತೋಟದ ಕೆಲಸದವರ ಲೈನ್ ಮನೆಯಿಂದ ಬರೋ, ಕನ್ನಡ ಇನ್ನೂ ಬಾರದ ಅಸ್ಸಾಮಿನ ಮಗೂನೂ ಆಟಕ್ಕೆ ಬರುತ್ತೆ.

ಗರಗಸಕ್ಕೂ ಮರ ನಯ ಮಾಡೋ ಕೀಸುಳಿಗೂ ವ್ಯತ್ಯಾಸ ಕೇಳಿಸು. ಗರಗಸ ಹೋಗ್ತಾನೂ ಕೂಗುತ್ತೆ, ಬರ್ತಾನೂ ಕೂಗುತ್ತೆ. ಕೀಸುಳಿ ಸುರ್ರ್ ಅಂತ ಒಂದೇ ಕಡೆಗೆ, ಆಮೇಲೆ ಸುಮ್ಮನೆ. ಕಂಡಕ್ಟರ್ ಸೀಟಿಯಂತೂ ಅರ್ಧ ಗಂಟೆಯ ಆಟ. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಸೀಟಿ ನಿನ್ನ ಹತ್ತಿರಾನೇ ಇರಲಿ, ಎಲ್ಲರ ಬಾಯಿಗೂ ಹೋದರೆ ವಾರದೊಳಗೆ ಎಲ್ಲರಿಗೂ ನೆಗಡಿ.

ನನಗೆ ತುಂಬ ಇಷ್ಟದ್ದು ಕಾಫಿ ಡಬ್ಬಿ. ಕಣದಲ್ಲಿ ಕಾಫಿ ಹಣ್ಣನ್ನ ಸಿಪ್ಪೆ ಸಮೇತ ಒಣಗಿಸ್ತಾರಲ್ಲ, ಒಳ್ಳೆ ಬಿಸಿಲಿದ್ದರೆ ಅದಕ್ಕೆ 12ರಿಂದ 15 ದಿನ. ಒಣಗಿದೆಯೋ ಇಲ್ಲವೋ ಅಂತ ನೋಡೋದು ಕಣ್ಣಲ್ಲಲ್ಲ. ಒಂದು ಮುಷ್ಟಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸ್ತಾರೆ. ಗಲಗಲ ಅಂದ್ರೆ ಆಯ್ತು. ಹಸಿ ಇದ್ದರೆ ಒಳಗಿನ ಬೀಜ ಸಿಪ್ಪೆಗೆ ಅಂಟಿಕೊಂಡು ಮಂಕಾಗಿ ದಬ್ ಅನ್ನುತ್ತೆ. ಎರಡು ಸ್ಟೀಲ್ ಡಬ್ಬಿ ತಗೋ, ಒಂದರಲ್ಲಿ ಪೂರ್ತಿ ಒಣಗಿದ್ದು, ಇನ್ನೊಂದರಲ್ಲಿ ನಾಲ್ಕೇ ದಿನದ್ದು, ಎರಡರಲ್ಲೂ ಒಂದೊಂದೇ ಮುಷ್ಟಿ. ಮುಚ್ಚಳಕ್ಕೆ ಟೇಪ್ ಸುತ್ತು, ಇಲ್ಲದಿದ್ದರೆ ಮೂಗಿಗೆ ತುರುಕ್ಕೊಳ್ತಾರೆ. ಹಸಿ ಡಬ್ಬೀನ ಎರಡು ದಿನಕ್ಕಿಂತ ಇಡಬೇಡ, ಬೂಷ್ಟು ಹಿಡಿಯುತ್ತೆ.

ಡಬ್ಬಿ ಆದಮೇಲೆ ಕಥೆ. ಆರು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಒಬ್ಬರು ಮನುಷ್ಯರು, ಮೂರು ಸಾಮಾನು, ಒಂದು ತೊಂದರೆ, ಮಕ್ಕಳು ಸೇರಿ ಹೇಳೋಕೆ ಒಂದು ಸಾಲು. ಕಣದ ಕಥೆಗೆ ಹಣ್ಣು ಎಳೆದು ಹರಡೋ ಗೋರುಮಣೆ, ತುಂಬೋ ಕುಕ್ಕೆ, ಟಾರ್ಪಾಲು. ತೊಂದರೆ ಏನು ಅಂತ ಈ ತಿಂಗಳು ಯಾರಿಗೂ ಹೇಳಿಕೊಡಬೇಕಿಲ್ಲ: ಅಕಾಲದ ಮೋಡ. ‘ಮೋಡ ಬಂತು, ಎಳಿ ಎಳಿ ಟಾರ್ಪಾಲು ಎಳಿ’ ಅಂತ ಮಕ್ಕಳು ಕೂಗಲಿ. ಮಧ್ಯದಲ್ಲಿ ಪ್ರಶ್ನೆ ಕೇಳಬೇಡ, ಕಥೆ ಸಾಯುತ್ತೆ. ‘ನೀನು ದೊಡ್ಡೋನಾಗಿ ಏನಾಗ್ತೀಯ’ ಅಂತಂತೂ ಕೇಳಲೇಬೇಡ. ಕೆಲಸ ಮಾಡೋರನ್ನೇ ಕರೆಸಿದರೆ ಭಾಷಣ ಬೇಡ, ಹತ್ತು ನಿಮಿಷ ಕೆಲಸ ಮಾಡಿ ತೋರಿಸಲಿ. ಮಕ್ಕಳಿಗೆ ಒಂದೇ ಪ್ರಶ್ನೆ ಕಲಿಸು: ‘ಯಾವ ಸದ್ದು ಬಂದ್ರೆ ಸರಿ, ಯಾವ ಸದ್ದು ಬಂದ್ರೆ ಎಡವಟ್ಟು?’ ಟೈಲರ್ ಆಗಲಿ ಮೆಕ್ಯಾನಿಕ್ ಆಗಲಿ, ಇದಕ್ಕೆ ಉತ್ತರ ಹೇಳುವಾಗ ಮುಖ ಅರಳುತ್ತೆ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆದರೆ ಒಂದು ವಿಷಯ ಹದಿನೈದು ದಿನದಿಂದ ಕೊರೀತಿದೆ.

ನನ್ನ ಕಥೆಯ ರೆಕಾರ್ಡಿಂಗ್ ಸರಿಯಾಗಿದೆಯಾ ಅಂತ ಕೇಳ್ತಾ ಕೂತಿದ್ದೆ. ‘ಡಾಕ್ಟರ್ ಬಂದ್ರು. ಮೇಷ್ಟ್ರು ಬಂದ್ರು. ಕಸದವನು ಬಂದ. ಕಾಫಿ ಕುಯ್ಯೋಳು ಬಂದ್ಲು.’ ಗೊತ್ತಾಯ್ತಲ್ಲ? ಮಕ್ಕಳದ್ದು ಗರಗಸಕ್ಕೂ ಕೀಸುಳಿಗೂ ಇರೋ ವ್ಯತ್ಯಾಸ ಹಿಡಿಯೋ ಕಿವಿಗಳು. ‘ಬಂದ್ರು’, ‘ಬಂದ’ ಅವಕ್ಕೆ ಕೇಳಿಸಲ್ವಾ? ಕೆಲಸ ಎಲ್ಲಾ ಒಂದೇ ಅಂತ ಬಾಯಿ ಹೇಳ್ತಿತ್ತು, ಕ್ರಿಯಾಪದದ ಬಾಲ ಬೇರೆ ಪಾಠ ಮಾಡ್ತಿತ್ತು. ಏಕವಚನ ಪ್ರೀತಿಗೂ ಬಳಸ್ತೀವಲ್ಲ ಅಂತ ನೀನು ವಾದಕ್ಕೆ ಬರ್ತೀಯ. ಹೌದು. ಡಾಕ್ಟರ ಮೇಲೆ ಆ ಪ್ರೀತಿ ಯಾಕೆ ಉಕ್ಕಲ್ಲ?

ಹೆಸರುಗಳದ್ದೂ ಇದೇ ಕಥೆ. ‘ಇದು ಯಾರು?’ ಅಂದ್ರೆ ‘ಕುಂಬಾರ’ ಅನ್ನೋದು ಉತ್ತರ. ಕೆಲಸದ ಹೆಸರೂ ಅದೇ, ಜಾತಿಯ ಹೆಸರೂ ಅದೇ. ತರಗತಿ ಪೂರ್ತಿ ಒಂದು ಮಗುವಿನ ಕಡೆ ತಿರುಗುತ್ತೆ, ಅವರಪ್ಪ ಓಡಿಸೋದು ಆಟೋ ಆದ್ರೂ. ‘ಯಾರು’ ಬಿಟ್ಟು ‘ಏನು ಮಾಡ್ತಿದ್ದಾರೆ’ ಅಂತ ಕೇಳು. ಮಡಕೆ ಮಾಡೋರು, ಬಟ್ಟೆ ಒಗೆಯೋರು, ಕಸ ಎತ್ತೋರು. ಆ ‘ಓರು’ ಇದೆಯಲ್ಲ, ಗಂಡಸು ಹೆಂಗಸು ಎರಡಕ್ಕೂ ಸಲ್ಲುತ್ತೆ, ಮರ್ಯಾದೆನೂ ಜೊತೆಗೇ ಬರುತ್ತೆ. ಇಲ್ಲಾಂದ್ರೆ ಹೆಸರೇ ಹೇಳು. ನಿಮ್ಮ ಬೇಲೂರಲ್ಲೇ ನೋಡು, 1117ರ ಗುಡಿ, ಶಿಲ್ಪದ ಕೆಳಗೆ ಕೆತ್ತಿದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವರ ಮಗ ಚಾವಣ. ಓಜ ಅಂದ್ರೆ ಉಪಾಧ್ಯಾಯ. ಕಲ್ಲು ಕೆತ್ತೋರೂ ಮೇಷ್ಟ್ರೇ, ನಮ್ಮ ಹಾಗೆ. ಉಳಿ ಹಿಡಿದವರು ಅನ್ನೋ ಒಂದೇ ಕಾರಣಕ್ಕೆ ನಾನೇ ಎಷ್ಟು ಸಲ ‘ಕೆತ್ತಿದರು’ ಅನ್ನದೆ ‘ಕೆತ್ತಿದ’ ಅಂತ ಹೇಳಿದ್ದೀನೋ.

ಕಥೆಯಲ್ಲಿ ಮಾತ್ರ ಆಗಿದ್ರೆ ತಿದ್ದಿ ಮುಗಿಸ್ತಿದ್ದೆ. ಪೈಪ್ ರಿಪೇರಿಗೆ ಬಂದವರು ನಮ್ಮಪ್ಪನ ವಯಸ್ಸಿನವರು, ‘ಬಾರಪ್ಪ, ಇಲ್ಲಿ ನೋಡು’ ಅಂತೀನಿ. ಬ್ಯಾಂಕಿನಲ್ಲಿ ನನ್ನ ಹಳೇ ವಿದ್ಯಾರ್ಥಿಯಂಥ ಹುಡುಗನಿಗೆ ‘ಸರ್, ನೋಡ್ತೀರಾ’. ಯಾರೂ ಕಲಿಸಿದ್ದು ನೆನಪಿಲ್ಲ. ಅಂದ್ರೆ ಕೇಳಿಸಿಕೊಂಡೇ ಕಲಿತಿದ್ದೀನಿ, ಇದೇ ಮಕ್ಕಳ ವಯಸ್ಸಲ್ಲಿ. ಇಷ್ಟೆಲ್ಲ ಬರೀಬೇಕು ಅಂತ ಕೂತಿರಲಿಲ್ಲ ಮಾರಾಯ.

ಇರಲಿ ಬಿಡು. ವಾರದಿಂದ ಎಲ್ಲರಿಗೂ ‘ಬನ್ನಿ, ಹೋಗಿ’ ಅಭ್ಯಾಸ ಮಾಡ್ತಾ ನಿನ್ನೆ ನಾಯಿಗೂ ‘ಬನ್ನಿ, ಊಟ ಮಾಡಿ’ ಅಂದೆ. ಅದು ಹಿಂದೆ ತಿರುಗಿ ನೋಡ್ತು, ಬೇರೆ ಯಾರೋ ಬಂದಿದ್ದಾರೆ ಅಂತ.

ಡಬ್ಬಿಗೆ ಒಣಗಿದ ಹಣ್ಣು ಶನಿವಾರದ ಬಸ್ಸಲ್ಲಿ ಕಳಿಸ್ತೀನಿ. ನಿನಗೆ ಮಾತ್ರ ಬಹುವಚನ ಇಲ್ಲ, ಛತ್ರಿ ವಾಪಸ್ ಬರೋವರೆಗೆ.

ನಿನ್ನ,
ಮುಂದಿನ ಸೀಟಿನವ