ಜಪಾನಿನ ಬೆಪ್ಪು ಎಂಬ ಊರಿನ ಬಿಸಿನೀರಿನ ಬುಗ್ಗೆಗಳಿಗೆ ಹೊರಡುವ ಕುಟುಂಬಗಳ ಗಮನಕ್ಕೆ

ಮಾನ್ಯ ಸದಸ್ಯರೇ,

ಫುಕುವೋಕಾ ನಗರವನ್ನು ನೋಡಿದ ಬಳಿಕ ಹಕಾತಾ ನಿಲ್ದಾಣದಿಂದ ಸೋನಿಕ್ ರೈಲಿನಲ್ಲಿ ಸುಮಾರು 2 ಗಂಟೆ ಪ್ರಯಾಣಿಸಿದರೆ ಬೆಪ್ಪು ಸಿಗುತ್ತದೆ. ಅಲ್ಲಿನ ಉಮಿ ಜಿಗೊಕು ಎಂಬ ನೀಲಿ ಕೊಳದ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವುದರಿಂದ ಅದು ನೋಡುವುದಕ್ಕೆ ಮಾತ್ರ. ಮಕ್ಕಳ ಕೈ ಬಿಡಬಾರದು.

ಸ್ನಾನಗೃಹಗಳಲ್ಲಿ ಸಾಮಾನ್ಯವಾಗಿ ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕ ಕೊಳಗಳಿದ್ದು, ಬಟ್ಟೆಯನ್ನೆಲ್ಲ ಕಳಚಿ, ಪುಟ್ಟ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಮೈ ತೊಳೆದ ನಂತರವೇ ನೀರಿಗೆ ಇಳಿಯಬೇಕು, ಟವೆಲನ್ನು ನೀರಿಗೆ ತಾಗಿಸಬಾರದು. ಇದಕ್ಕೆ ಸಂಕೋಚಪಡುವವರು (ನಮ್ಮಲ್ಲಿ ಬಹುಪಾಲು ಮಂದಿ ಹೀಗೆಯೇ) ಕುಟುಂಬಕ್ಕೆಂದೇ ಬಾಡಿಗೆಗೆ ಸಿಗುವ ಖಾಸಗಿ ಸ್ನಾನದ ಕೊಠಡಿಯನ್ನು ಮುಂಗಡವಾಗಿ ಕಾಯ್ದಿರಿಸುವುದು ಲೇಸು. ಹಚ್ಚೆ ಇರುವವರಿಗೆ ಕೆಲವೆಡೆ ಪ್ರವೇಶವಿಲ್ಲ.

ಹೋಟೆಲಿನ ಸಾರುಗಳಲ್ಲಿ ಮೀನಿನ ರಸ ಬೆರೆತಿರುವುದೇ ಹೆಚ್ಚಾದ್ದರಿಂದ, ಸಸ್ಯಾಹಾರಿಗಳು ಕನ್ನಾವಾ ಬಡಾವಣೆಯಲ್ಲಿ ನೆಲದಿಂದೇಳುವ ಹಬೆಯಲ್ಲೇ ತರಕಾರಿ, ಸಿಹಿಗೆಣಸುಗಳನ್ನು ಬೇಯಿಸಿಕೊಳ್ಳಬಹುದು.