ಹೋಗೋಕೆ ಎಂಟು ಗಂಟೆ, ಬರೋಕೆ ಹತ್ತು

ದೋಸ್ತಾ,

ನೀನು ಕಳಿಸಿದ ಟಿಕೆಟ್ ವಿವರ ನೋಡಿದೆ. ಬೆಂಗಳೂರಿನಿಂದ ಟೋಕಿಯೊಗೆ ಎಂಟು ಗಂಟೆ, ವಾಪಸ್ ಬರೋಕೆ ಹತ್ತು ಗಂಟೆ, ಇದೇನೋ ತಪ್ಪಾಗಿದೆ ಅಂತ ಬರೆದಿದ್ದೀಯ. ತಪ್ಪೇನೂ ಇಲ್ಲ.

ದೂರ ಎರಡೂ ಕಡೆಗೆ ಒಂದೇ, ನೇರ ಅಳೆದರೆ ಸುಮಾರು 6,700 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಆಸುಪಾಸು. ಲೆಕ್ಕಕ್ಕೆ ಏಳೂವರೆ ಗಂಟೆ ಸಾಕು. ಆದರೆ ಆ 900 ಸುತ್ತಲಿನ ಗಾಳಿಯ ಲೆಕ್ಕದಲ್ಲಿ. ಆ ಗಾಳಿಯೇ ಓಡ್ತಾ ಇದ್ದರೆ? ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ, ಜೆಟ್ ಸ್ಟ್ರೀಮ್ ಅಂತಾರೆ. ಟೋಕಿಯೊ ಕಡೆಗೆ ಬರುವಾಗ ಅದು ಬೆನ್ನಿಗೆ, ವಾಪಸ್ ಹೋಗುವಾಗ ಎದುರಿಗೆ. ಗದಗದ ಎದುರುಗಾಳಿಗೆ ಸೈಕಲ್ ತುಳಿದವನು ನೀನು, ಇನ್ನು ಬಿಡಿಸಿ ಹೇಳೋದು ಬೇಡ.

ಚಳಿಗಾಲದಲ್ಲಿ ಈ ಗಾಳಿಯ ಜೋರು ಜಪಾನಿನ ಮೇಲೆ ಬಹಳ. ಇದನ್ನು ಮೊದಲು ಅಳೆದವನೂ ಇಲ್ಲಿಯವನೇ, ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿ ಬಲೂನು ಹಾರಿಬಿಟ್ಟು, ದುರ್ಬೀನಿನಂಥ ಉಪಕರಣದಲ್ಲಿ ಅದು ಹೋಗುವ ದಿಕ್ಕು ನೋಡುತ್ತಾ ಕೂತ. ಮೇಲೆ ಗಾಳಿ ಗಂಟೆಗೆ 250 ಕಿ.ಮೀ. ವೇಗದಲ್ಲಿ ಓಡುವುದು ಗೊತ್ತಾಯಿತು. ವರದಿಯನ್ನು 1926ರಲ್ಲಿ ಪ್ರಕಟಿಸಿದ್ದು ಎಸ್ಪೆರಾಂಟೊದಲ್ಲಿ, ಎಲ್ಲ ದೇಶದವರಿಗೂ ಒಂದು ಸಾಮಾನ್ಯ ಭಾಷೆ ಇರಲಿ ಅಂತ ಕಟ್ಟಿದ ಭಾಷೆಯಲ್ಲಿ! ಜಗತ್ತಿಗೆಲ್ಲ ತಿಳಿಯಲಿ ಅಂತ. ಓದಿದವರೇ ಕಡಿಮೆ, ಪಾಪ.

ನೀನು ಬರೋದು ಜನವರಿಯಲ್ಲಿ ಅಲ್ವಾ? ಮುಂದಿನ ಸೀಟಿನ ಪರದೆಯಲ್ಲಿ ಮ್ಯಾಪ್ ಹಾಕಿಕೊಂಡು ನೆಲದ ಮೇಲಿನ ವೇಗ ಎಷ್ಟು ತೋರಿಸುತ್ತದೆ ನೋಡು. ಬರುವಾಗ ಚೀನಾ ದಾಟುತ್ತಿದ್ದ ಹಾಗೆ 1,100 ಮೀರಿದರೂ ಮೀರಬಹುದು. ವಾಪಸ್ ಹೋಗುವಾಗ ಅದೇ ಜಾಗದಲ್ಲಿ 700ರ ಹತ್ತಿರ ತೆವಳುತ್ತಿರುತ್ತದೆ. ಜಪಾನ್ ಹತ್ತಿರ ಬಂದಾಗ ಒಂದಿಷ್ಟು ಕುಲುಕಾಟವೂ ಇರಬಹುದು, ಅವ್ವನಿಗೆ ಮೊದಲೇ ಹೇಳಿರು.

ಇನ್ನೊಂದು ತಮಾಷೆ ಗಡಿಯಾರದ್ದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದು. ಸಂಜೆ 7ಕ್ಕೆ ಬೆಂಗಳೂರು ಬಿಟ್ಟರೆ ಇಲ್ಲಿ ಇಳಿದಾಗ ಬೆಳಿಗ್ಗೆ 6:30. ಹನ್ನೊಂದೂವರೆ ಗಂಟೆ ಆಯ್ತೇನೋ ಅನ್ನಿಸುತ್ತದೆ, ಕೂತಿದ್ದು ಎಂಟೇ. ವಾಪಸ್ ಹೋಗುವಾಗ ಇಲ್ಲಿ ಬೆಳಿಗ್ಗೆ 11ಕ್ಕೆ ಹತ್ತಿದರೆ ಅಲ್ಲಿ ಸಂಜೆ 5:30ಕ್ಕೇ ಇಳಿಯುತ್ತೀರಿ. ಆರೂವರೆ ಗಂಟೆ ಅಂದುಕೊಂಡು ಮೋಸ ಹೋಗಬೇಡ, ಹತ್ತು ಗಂಟೆ ಕೂರಬೇಕು. ಅವ್ವನ ಕಾಲು ಊದುತ್ತದಲ್ಲ, ವಾಪಸ್ ಟಿಕೆಟಿಗಾದರೂ ನಡುದಾರಿ ಪಕ್ಕದ ಸೀಟು ತಗೋ. ಬಿ.ಪಿ. ಮಾತ್ರೆ ಎಷ್ಟೊತ್ತಿಗೆ ಕೊಡಬೇಕು ಅಂತ ಡಾಕ್ಟರನ್ನು ಕೇಳಿಕೊಂಡೇ ಹೊರಡು.

ಸಿಂಗಾಪುರದ ಮೇಲಿಂದ ಅಗ್ಗ ಅಂದೆ. ಆ ದಾರಿ ಒಟ್ಟು 8,500 ಕಿ.ಮೀ. ಆಗುತ್ತದೆ. ದಕ್ಷಿಣಕ್ಕೆ ಇಳಿದು ಮತ್ತೆ ಉತ್ತರಕ್ಕೆ ಹತ್ತಬೇಕು. ಹಾರಾಟವೇ ಹನ್ನೊಂದು ಗಂಟೆ ದಾಟುತ್ತದೆ, ಕಾಯೋದು ಬೇರೆ. ಒಬ್ಬನೇ ಬಂದಿದ್ದರೆ ಬಾ ಅನ್ನುತ್ತಿದ್ದೆ. ಅವ್ವನ ಜೊತೆ ಬೇಡ, ನೇರ ವಿಮಾನಕ್ಕೇ ಬಾ.

ಮತ್ತೆ ನೀವು ಇಳಿಯುವ ನರಿಟಾ ವಿಮಾನ ನಿಲ್ದಾಣ ಟೋಕಿಯೊ ಊರೊಳಗಿಲ್ಲ, 60 ಕಿ.ಮೀ. ಆಚೆ. ರೈಲಿನಲ್ಲಿ ಟೋಕಿಯೊ ಸ್ಟೇಷನ್ನಿಗೆ ಸುಮಾರು ಒಂದು ಗಂಟೆ. ನೀವು ಹುಡುಕಾಡೋದು ಬೇಡ, ನಾನೇ ಬಂದು ಹೊರಬಾಗಿಲ ಹತ್ತಿರ ನಿಂತಿರುತ್ತೇನೆ. ಅವ್ವನ ಸ್ವೆಟರ್ ಮಾತ್ರ ಲಗೇಜಿಗೆ ಹಾಕಬೇಡ, ಕೈಚೀಲದಲ್ಲೇ ಇರಲಿ.

ನಿನ್ನ ಗೆಳೆಯ